ರಾಗಿ ಲಕ್ಷ್ಮಣಯ್ಯ

ನಮ್ಮ ಉಪ್ಪಿನಬೆಟಗೇರಿ ಕಡೆ ಊಟ ಎಂದರೆ ಜೋಳದ ರೊಟ್ಟಿ. ನಮ್ಮ ಮನೆಯಲ್ಲಿ ರಾಗಿ ಬೇಸಿಗೆಯ ಅಂಬಲಿಗಷ್ಟೇ ಬರುತ್ತಿತ್ತು. ಕಳೆದ ವರ್ಷ ನಾನಿಗೆ ಮೂಳೆ ಸವೆದಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಅಮ್ಮಿ ದಿನವೂ ರಾಗಿ ಗಂಜಿ ಮಾಡತೊಡಗಿದರು. ರಾಗಿಯ ಬಗ್ಗೆ ಓದುವಾಗ ನನಗೆ ಸಿಕ್ಕ ಹೆಸರು ಡಾ. ಲಕ್ಷ್ಮಣಯ್ಯ. ಜನ ಅವರನ್ನು ಕರೆದದ್ದೇ ರಾಗಿ ಲಕ್ಷ್ಮಣಯ್ಯ ಎಂದು.

ಅವರು ಹುಟ್ಟಿದ್ದು 1921ರಲ್ಲಿ, ಮೈಸೂರು ಸಮೀಪದ ಹಾರೋಹಳ್ಳಿಯಲ್ಲಿ. ಮಂಡ್ಯದ ವಿ.ಸಿ. ಫಾರ್ಮ್ ಅವರ ಕರ್ಮಭೂಮಿ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಇಷ್ಟು ಒಳ್ಳೆಯ ಕಾಳಾದರೂ ಆಗ ರಾಗಿಯ ಇಳುವರಿ ಕಡಿಮೆ. ಹೊಸ ತಳಿ ಮಾಡುವುದೂ ಸುಲಭವಿರಲಿಲ್ಲ. ರಾಗಿಯ ಹೂವು ತೀರಾ ಸಣ್ಣದು. ಅದು ನಡುರಾತ್ರಿ ಕಳೆದ ಮೇಲೆ, ಬೆಳಗಾಗುವುದರೊಳಗೆ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೇರೆ ಗಿಡದ ಪರಾಗ ಸೇರಿಸುವವರಿಗೆ ಬಹಳ ತಾಳ್ಮೆ ಬೇಕು.

ಲಕ್ಷ್ಮಣಯ್ಯನವರಿಗೆ ಆ ತಾಳ್ಮೆ ಇತ್ತು. 1951ರಿಂದ 1964ರವರೆಗೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಆಮೇಲೆ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾದ ಹೆಸರಿನಿಂದ 'ಇಂಡ್', ಆಫ್ರಿಕಾದಿಂದ 'ಆಫ್' ಸೇರಿ ಆ ತಳಿಗಳಿಗೆ 'ಇಂಡಾಫ್' ಎಂಬ ಹೆಸರಾಯಿತು. ಇಳುವರಿ ಹೆಚ್ಚುಕಡಿಮೆ ಎರಡರಷ್ಟಾಯಿತು.

ಅವರು ಮುಖ್ಯವಾಗಿ ದುಡಿದದ್ದು ಇಳುವರಿಗಾಗಿ. ಹಾಗಾದರೆ ಪೌಷ್ಟಿಕತೆಗೆ ಅವರ ಕೊಡುಗೆ ಏನು? ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ತೋಚುವುದು ಇದು: ಕಾಳು ಎಷ್ಟೇ ಪೌಷ್ಟಿಕವಾಗಿರಲಿ, ರೈತನಿಗೆ ಗಿಟ್ಟದಿದ್ದರೆ ಅವನು ಅದನ್ನು ಬಿತ್ತುವುದಿಲ್ಲ. ಬಿತ್ತದಿದ್ದರೆ ಬಡವನ ತಾಟಿಗೆ ಅದು ಬರುವುದಿಲ್ಲ. ಲಕ್ಷ್ಮಣಯ್ಯನವರು ರಾಗಿಯನ್ನು ಹೊಲದಲ್ಲಿ ಉಳಿಸಿದರು.

1993ರಲ್ಲಿ ಅವರು ತೀರಿಕೊಂಡರು. ಮುಂದೆ ಕರ್ನಾಟಕದಲ್ಲಿ ಬಹಳ ಹರಡಿದ, ಬೆಂಕಿ ರೋಗ ತಾಳಿಕೊಳ್ಳುವ ಜಿಪಿಯು-28 ತಳಿ ಹುಟ್ಟಿದ್ದು ಇಂಡಾಫ್ ವಂಶದಲ್ಲೇ. ಈಗ ವಿಜ್ಞಾನಿಗಳು ಇಳುವರಿಯ ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣ, ಸತು ಹೆಚ್ಚಿರುವ ತಳಿಗಳನ್ನೂ ತರುತ್ತಿದ್ದಾರೆ. 2020ರಲ್ಲಿ ಬಂದ ಸಿಎಫ್‌ಎಂವಿ-1 ಅಂಥ ಒಂದು ರಾಗಿ.

ನಾನಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಬರೆದ ಮೇಲೆ ಅವರಿಗೆ ಉರ್ದುವಿನಲ್ಲಿ ಹೇಳಿದೆ. ಮೊದಲು ಗಂಜಿ ಬೇಡ ಎನ್ನುತ್ತಿದ್ದವರು ಅಂದು ಬಟ್ಟಲು ಖಾಲಿ ಮಾಡಿದರು.