ಶಾಹು ಮಹಾರಾಜರು ಮತ್ತು ದುಡಿಯುವವರ ಮಾತು



ಜೂನ್ 26 ಛತ್ರಪತಿ ಶಾಹು ಮಹಾರಾಜರ ಜಯಂತಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಆ ದಿನದ ಭಾಷಣಗಳೆಲ್ಲ ಮರಾಠಿಯಲ್ಲಿ ಆಗುತ್ತವೆ, ಅದು ಸಹಜ. ನಮ್ಮ ಮನೆಯ ಮಕ್ಕಳು ಕನ್ನಡದಲ್ಲೂ ಅವರ ವಿಷಯ ಓದಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮಹಾರಾಜರು ಹುಟ್ಟಿದ್ದು 1874ರಲ್ಲಿ, ಕಾಗಲದ ಘಾಟಗೆ ಮನೆತನದಲ್ಲಿ. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದ ಮಗಳು. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕ ಹೋದರು. ರಾಜಕೋಟದ ನಂತರ ಅವರ ವಿದ್ಯಾಭ್ಯಾಸ ನಡೆದದ್ದು ಧಾರವಾಡದಲ್ಲಿ, ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿಯ ಕೈಯಲ್ಲಿ. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು. ಒಬ್ಬನೇ ಮಾಸ್ತರ, ಇಬ್ಬರು ಶಿಷ್ಯರು, ಇಬ್ಬರೂ ದೊಡ್ಡ ಹೆಸರು ಮಾಡಿದರು!

1894ರಲ್ಲಿ ಅಧಿಕಾರ ಕೈಗೆ ಬಂದಾಗ ದರಬಾರದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಒಂದೇ ಜಾತಿಯವರ ಕೈಯಲ್ಲಿದ್ದವು. ಉಳುವವನು, ನೇಯುವವನು, ಚಮ್ಮಾರ ಯಾರೂ ಕಚೇರಿಯೊಳಗೆ ಇರಲಿಲ್ಲ. 1902ರ ಜುಲೈ 26ರಂದು, ಮಹಾರಾಜರು ವಿಲಾಯತಿಯಲ್ಲಿದ್ದಾಗಲೇ, ಖಾಲಿಯಾಗುವ ಜಾಗಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಎಂಬ ಆಜ್ಞೆ ಹೊರಟಿತು. ಬರೀ ಆಜ್ಞೆಯಿಂದ ಕಾರಕೂನ ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಜೈನ, ಲಿಂಗಾಯತ, ಮರಾಠಾ, ಮುಸಲ್ಮಾನ, ದಲಿತ ಹುಡುಗರಿಗೆಲ್ಲ ವಸತಿಗೃಹಗಳಾದವು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಮಗುವನ್ನು ಶಾಲೆಗೆ ಕಳಿಸದಿದ್ದರೆ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಗಡಹಿಂಗ್ಲಜವೂ ಆಗ ಅವರ ಸಂಸ್ಥಾನದಲ್ಲೇ ಇತ್ತು.

1906ರಲ್ಲಿ ಕೊಲ್ಹಾಪುರದಲ್ಲಿ ನೂಲು ಮತ್ತು ನೇಯ್ಗೆಯ ಗಿರಣಿಗೆ ಅಡಿಗಲ್ಲು ಹಾಕಿಸಿದರು. ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. ಈಗ ಅದು ಮುಚ್ಚಿದೆ.

ಆದರೆ ನಮಗೆ ಹೆಚ್ಚು ನೆನಪಾಗುವುದು ಗಂಗಾರಾಮ ಕಾಂಬಳೆಯವರ ಪ್ರಸಂಗ. ಇವರು ಅರಮನೆಯ ಕುದುರೆ ಲಾಯದಲ್ಲಿ ದುಡಿಯುತ್ತಿದ್ದ ದಲಿತ ನೌಕರ. ಮೇಲ್ಜಾತಿಯವರಿಗೆಂದು ಇಟ್ಟ ನೀರಿನ ಹೌದನ್ನು ಮುಟ್ಟಿದರೆಂದು, ಮಹಾರಾಜರು ಊರಲ್ಲಿಲ್ಲದಾಗ, ಜೊತೆಯ ನೌಕರರೇ ಅವರನ್ನು ಹಿಡಿದು ಬಡಿದರು. ಮಹಾರಾಜರು ಮರಳಿ ಬಂದ ಮೇಲೆ ಗಂಗಾರಾಮರು ಸೋನತಳಿ ಬಿಡಾರಕ್ಕೆ ಹೋಗಿ ನೇರವಾಗಿ ದೂರು ಹೇಳಿದರು. ಮೇಲಿನ ಸಾಹೇಬ, ಅವನ ಮೇಲಿನ ಸಾಹೇಬ ಎಂದು ಸುತ್ತಬೇಕಾಗಲಿಲ್ಲ. ಹೊಡೆದವರಿಗೆ ಶಿಕ್ಷೆಯಾಯಿತು. ಗಂಗಾರಾಮರಿಗೆ ಸ್ವಂತ ಧಂದೆ ಮಾಡಲು ಹಣ ಸಿಕ್ಕಿತು. ಅವರು ಪೇಟೆಯಲ್ಲಿ ಸತ್ಯಸುಧಾರಕ ಎಂಬ ಚಹಾದ ಹೋಟೆಲ್ ಇಟ್ಟರು. ಅಲ್ಲಿ ಯಾರೂ ಚಹಾ ಕುಡಿಯುವುದಿಲ್ಲವೆಂದು ತಿಳಿದಾಗ ಮಹಾರಾಜರು ತಮ್ಮ ಗಾಡಿಯನ್ನು ಹೋಟೆಲ್ ಮುಂದೆ ನಿಲ್ಲಿಸಿ ತಾವೂ ಕುಡಿದರು, ಜೊತೆಯಲ್ಲಿದ್ದ ಅಧಿಕಾರಿಗಳಿಗೂ ಕುಡಿಸಿದರು. ಬೇಡ ಎನ್ನುವ ಧೈರ್ಯ ಯಾರಿಗಿದ್ದೀತು?

1918ರ ನವೆಂಬರಿನಲ್ಲಿ ಮುಂಬಯಿಯ ಪರಳದಲ್ಲಿ ಗಿರಣಿ ಕಾಮಗಾರರ ಸಭೆಗೆ ಹೋಗಿ, ಸಂಘ ಕಟ್ಟಿಕೊಳ್ಳಿರಿ, ಹಕ್ಕು ತಿಳಿದುಕೊಳ್ಳಿರಿ ಎಂದು ಹೇಳಿಬಂದರು. ಮದ್ರಾಸಿನಲ್ಲಿ ಮೊದಲ ಕಾಮಗಾರ ಸಂಘ ಹುಟ್ಟಿದ್ದೂ ಅದೇ ವರ್ಷ. ಕಾಮಗಾರ ಸಂಘಗಳ ಕಾಯ್ದೆ ಬಂದದ್ದು 1926ರಲ್ಲಿ. ಗಾದಿಯ ಮೇಲಿದ್ದ ಅರಸನೊಬ್ಬ ಈ ಮಾತು ಮೊದಲೇ ಆಡಿದ್ದು ಸಣ್ಣ ಸಂಗತಿಯಲ್ಲ. 1920ರಲ್ಲಿ ಇಚಲಕರಂಜಿಗೆ ಹತ್ತಿರದ ಮಾಣಗಾವ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರನ್ನು ಜನರ ನಾಯಕರೆಂದು ಎತ್ತಿ ಹಿಡಿದರು. ಅದೇ ವರ್ಷ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿಗೂ ಅಧ್ಯಕ್ಷರಾಗಿ ಬಂದಿದ್ದರು.

ಸ್ವಾತಂತ್ರ್ಯ ಬಂದ 1947ರಲ್ಲೇ ಔದ್ಯೋಗಿಕ ವಿವಾದ ಕಾಯ್ದೆಯಾಗಿ, 100 ಕಾಮಗಾರರಿರುವ ಕಾರ್ಖಾನೆಯಲ್ಲಿ ವರ್ಕ್ಸ್ ಕಮಿಟಿ ರಚಿಸಲು ಸರಕಾರ ಹೇಳಬಹುದು ಎಂದಾಯಿತು. ಅದರಲ್ಲಿ ಕಾಮಗಾರರ ಪ್ರತಿನಿಧಿಗಳು ಮಾಲಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಕೂಡದು. 1976ರಲ್ಲಿ ಸಂವಿಧಾನದಲ್ಲೇ 43ಎ ಕಲಮು ಸೇರಿ, ಕಾರ್ಖಾನೆಯ ಆಡಳಿತದಲ್ಲಿ ಕಾಮಗಾರರ ಪಾಲು ಇರಬೇಕೆಂದಾಯಿತು. ಕಾಗದದಲ್ಲಿ ಎಲ್ಲ ಚೆಂದ. ನಾವು ಕಾರಕೂನಕಿ ಮಾಡಿದ ಕಡೆ ಇಂಥ ಕಮಿಟಿ ಇತ್ತು. ಕುಡಿಯುವ ನೀರು, ಕ್ಯಾಂಟೀನಿನ ಚಹಾ ಇವೇ ವಿಷಯ, ಪಗಾರದ ಮಾತು ಬಂದರೆ ಮುಂದಿನ ಸಭೆಗೆ. ಸಭೆಗೆ ಮೊದಲೇ ನಡಾವಳಿ ಬರೆದಿಟ್ಟು ಸಹಿ ಹಾಕಿಸಿದ್ದೂ ಉಂಟು. ಬರೆದ ಕೈ ನಮ್ಮದೇ, ಈಗ ಹೇಳಲು ನಾಚಿಕೆಯಾಗುತ್ತದೆ. ಇನ್ನು ಇಚಲಕರಂಜಿಯ ಸಣ್ಣ ಮಗ್ಗದ ಶೆಡ್ಡುಗಳಲ್ಲಿ ಹತ್ತು ಹದಿನೈದು ಮಂದಿ ದುಡಿಯುವಲ್ಲಿ 100ರ ಲೆಕ್ಕವೇ ಬಾರದು. ಅಲ್ಲಿಯವರು ದೂರು ಹೇಳಲು ಯಾವ ಸೋನತಳಿಗೆ ಹೋಗಬೇಕು?

ಮಹಾರಾಜರು 1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 48 ತುಂಬಿರಲಿಲ್ಲ. ಕೊಲ್ಹಾಪುರದಲ್ಲಿ ಅವರಿಗೆ ಜನರ ಕಡೆಯಿಂದ ಮೊದಲ ಸ್ಮಾರಕ ಕಟ್ಟಲು ಮುಂದಾದವರು ಅದೇ ಗಂಗಾರಾಮ ಕಾಂಬಳೆ.

ಜಯಂತಿಯ ಸಂಜೆ ಸಂಘದ ಕಚೇರಿಯಲ್ಲಿ ಸೇರೋಣ. ಮಗ್ಗ, ಫೌಂಡ್ರಿ, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ದಯಮಾಡಿ ಬಂದು ತಮ್ಮ ಅನುಭವ ಹೇಳಬೇಕು. ಚಹಾದ ವ್ಯವಸ್ಥೆ ಇದೆ.

– ಕಾರ್ಯದರ್ಶಿ