ಕಪ್ಪು ಕಾರಿನ ಹೆನ್ರಿ ಫೋರ್ಡ್

ಹೆನ್ರಿ ಫೋರ್ಡನು 1863ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ರೈತ ಕುಟುಂಬದಲ್ಲಿ ಜನಿಸಿದನು. ಬೇಸಾಯ ಒಗ್ಗದೆ 1879ರಲ್ಲಿ ಡೆಟ್ರಾಯಿಟಿಗೆ ಹೋಗಿ ಯಂತ್ರದ ಕೆಲಸ ಕಲಿತನು. 1896ರಲ್ಲಿ ಮನೆಯ ಹಿಂದಿನ ಷೆಡ್ಡಿನಲ್ಲಿ ತನ್ನ ಮೊದಲ ಮೋಟಾರು ಬಂಡಿಯನ್ನು ಕಟ್ಟಿದನು. ಬಾಗಿಲು ಸಾಲದೆ ಇಟ್ಟಿಗೆಯ ಗೋಡೆಯನ್ನೊಡೆದು ಅದನ್ನು ಹೊರತಂದನು. 1908ರ ಅವನ ಮಾಡೆಲ್ ಟಿ ಕಾರು ಸಾಮಾನ್ಯರ ಕೈಗೂ ಎಟುಕಿತು. ಬೇಗನೆ, ಅಗ್ಗವಾಗಿ ತಯಾರಿಸಲೆಂದು 1914ರಿಂದ 1925ರವರೆಗೆ ಅದಕ್ಕೆ ಕಪ್ಪು ಬಣ್ಣವೊಂದನ್ನೇ ಬಳಿಸಿದನು. 1932ರಲ್ಲಿ ಅಗ್ಗದ ಕಾರಿಗೂ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಅಳವಡಿಸಿದನು. 1947ರಲ್ಲಿ ತೀರಿಕೊಂಡನು. ಅಷ್ಟರಲ್ಲಾಗಲೇ ಕ್ಯಾಲಿಫೋರ್ನಿಯದ ತರುಣರು ಅವನ ಹಳೆಯ ಕಾರುಗಳನ್ನು ಕೊಂಡು, ಮಡ್‌ಗಾರ್ಡು ಕಳಚಿ, ಎಂಜಿನ್ನಿನ ಬಲ ಹೆಚ್ಚಿಸಿ, ಮನಸ್ಸಿಗೊಪ್ಪಿದ ಬಣ್ಣ ಬಳಿದು, ಹಾಟ್ ರಾಡ್ ಎಂಬ ವೇಗದ ಕಾರುಗಳನ್ನು ಕಟ್ಟುತ್ತಿದ್ದರು. ಬಣ್ಣದಲ್ಲಿ ಅವರು ಅವನನ್ನು ಮೀರಿದರು; ಸ್ವಂತ ಕೈಯಿಂದ ಕಟ್ಟುವ ಹಟದಲ್ಲಿ ಮಾತ್ರ ಅವನ ಶಿಷ್ಯರೇ ಆದರು.