ಹಂಪಿಯನ್ನು ಕಾಗದದಲ್ಲಿ ಹಿಡಿದ ಗ್ರೀನ್‌ಲಾ

ಮಕ್ಕಳೇ, ಹಂಪಿಯ ಕಲ್ಲಿನ ರಥವನ್ನು ನೀವು ನೋಡಿರಬಹುದು. ಅದರ ಮೇಲೆ ಹಿಂದೆ ಇಟ್ಟಿಗೆಯ ಗೋಪುರವಿತ್ತು, ಗೊತ್ತೇ? ಈಗ ಅದು ಉಳಿದಿಲ್ಲ. ಅದು ಹೇಗಿತ್ತೆಂಬುದನ್ನು 1856ರ ಒಂದು ಛಾಯಾಚಿತ್ರ ತೋರಿಸುತ್ತದೆ. ತೆಗೆದವರು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ (1818–1870).

ಆಗ ಫಿಲ್ಮ್ ರೋಲು ಇರಲಿಲ್ಲ. ಗಾಜಿನ ಫಲಕವಿತ್ತು, ಆದರೆ ಅದರ ರಾಸಾಯನಿಕ ಲೇಪ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ನಮ್ಮ ಯಲಬುರ್ಗಾದ ಬಿಸಿಲಿಗೆ ಹಸಿ ಬಟ್ಟೆ ಎಷ್ಟು ಬೇಗ ಒಣಗುತ್ತದೆಂದು ನೆನಪಿಸಿಕೊಳ್ಳಿ. ಹಂಪಿಯ ಬಿಸಿಲೂ ಅಂಥದೇ. ಗ್ರೀನ್‌ಲಾ ಕಾಗದವನ್ನು ಆರಿಸಿಕೊಂಡರು. ಗಾಜಿನಷ್ಟು ಸ್ಪಷ್ಟತೆ ಇದರಲ್ಲಿಲ್ಲ. ಆದರೂ ಜಾಣ ಆಯ್ಕೆ ಎನ್ನಬೇಕು.

ಕಾಗದವನ್ನು ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಿಟ್ಟರೆ ಬಹುದಿನ ಕೆಡದು. ಬೇಕಾದಾಗ ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ಲೇಪಿಸಿದರೆ, ಬೆಳಕಿಗೆ ಬದಲಾಗುವ ಸಿಲ್ವರ್ ಅಯೋಡೈಡ್ ಉಂಟಾಗುತ್ತದೆ. ಅಲ್ಲಿಂದ ಅವಸರ ಶುರು! ಸೆಖೆ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚು. ಬೆಳಕು ತಾಗದಿದ್ದರೂ ಹಾಳೆ ಕಪ್ಪಾಗಿ ಕೆಡಬಹುದು. ಕ್ಯಾಮೆರಾದಲ್ಲಿ ಕೆಲವು ನಿಮಿಷ ಬೆಳಕು ಕಂಡ ಹಾಳೆಯನ್ನು ಗ್ಯಾಲಿಕ್ ಆಮ್ಲಕ್ಕೆ ಹಾಕಿದಾಗ ಚಿತ್ರ ಮೂಡುತ್ತದೆ, ಆಕಾಶ ಕಪ್ಪಗೆ, ನೆರಳು ಬೆಳ್ಳಗೆ. ಉಳಿದ ಸಿಲ್ವರ್ ಅಯೋಡೈಡನ್ನು ಹೈಪೊ ಕರಗಿಸಿ ತೆಗೆಯುತ್ತದೆ. ಕೊನೆಗೆ ಮೇಣ. ಮಿರ್ಚಿ ಭಜಿ ಕಟ್ಟಿದ ಕಾಗದ ಎಣ್ಣೆ ಹೀರಿ ಬೆಳಕು ಬಿಡುವುದನ್ನು ಕಂಡಿದ್ದೀರಲ್ಲ, ಅದೇ ಉಪಾಯ.

ಹೀಗೆ ತಯಾರಾದ ಸುಮಾರು 60 ನೆಗೆಟಿವ್‌ಗಳು ಉಳಿದುಬಂದಿವೆ. ಒಂದೊಂದೂ ಹೆಚ್ಚುಕಡಿಮೆ 16 × 18 ಇಂಚು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಬಿತ್ತು, ಯಾವುದು ಉಳಿಯಿತು ಎಂದು ಲೆಕ್ಕ ಹಾಕಬಹುದು.